ಸಹಾಯ ಬೇಕು: ಪವರ್ ಟಿಲ್ಲರ್ ಬಿಸಿಯಾದ ಮೇಲೆ ನಿಂತುಹೋಗುತ್ತಿದೆ

ಒಂದೇ ಸಿಲಿಂಡರಿನ ಡೀಸೆಲ್ ಟಿಲ್ಲರ್. ತಣ್ಣಗಿದ್ದಾಗ ಹ್ಯಾಂಡಲ್ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ರೋಟರಿ ಹಾಕಿ ಅರ್ಧ ಗಂಟೆ ಉಳುಮೆ ಮಾಡಿದರೆ ಸಾಕು, ಎಂಜಿನ್ ಸದ್ದು ಏರಿ ಇಳಿದು ನಿಂತೇ ಬಿಡುತ್ತದೆ. ಕಪ್ಪು ಹೊಗೆ ಇಲ್ಲ. ಸ್ವಲ್ಪ ಆರಿದ ಮೇಲೆ ಮತ್ತೆ ಓಡುತ್ತದೆ.

ಡೀಸೆಲ್ ಫಿಲ್ಟರ್ ಹೊಸದು. ಏರ್ ಕ್ಲೀನರ್ ತೊಳೆದಾಯಿತು. ಟ್ಯಾಂಕಿನ ಮುಚ್ಚಳ ಸಡಿಲ ಬಿಟ್ಟು ನೋಡಿದೆ, ಅದೇ ಕಥೆ. ಆದರೆ ನಿಂತ ಕೂಡಲೇ ಬ್ಲೀಡ್ ಸ್ಕ್ರೂ (ಡೀಸೆಲ್ ಲೈನಿನಲ್ಲಿ ಸೇರಿದ ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿದರೆ ಡೀಸೆಲ್ ಜೊತೆ ಸಣ್ಣ ಸಣ್ಣ ಗುಳ್ಳೆಗಳು ಬರುತ್ತವೆ. ನನ್ನ ಅನುಮಾನ ಇರುವುದು ಇಲ್ಲೇ. ಪೈಪ್ ಬಿರುಕು ಬಿಟ್ಟಿದೆಯಾ, ತಾಮ್ರದ ವಾಷರ್ ಹೋಗಿದೆಯಾ? ಇಲ್ಲ, ಡೀಸೆಲ್ ಪಂಪಿನ ಪ್ಲಂಜರ್ (ಡೀಸೆಲನ್ನು ಒತ್ತಿ ಕಳಿಸುವ ಒಳಗಿನ ದಂಡ) ಸವೆದು ಬಿಸಿಯಾದಾಗ ಪ್ರೆಶರ್ ಬಿಡುತ್ತಿದೆಯಾ? ಸುಮ್ನೆ ಪಂಪ್ ಬಿಚ್ಚಿಸಿದರೆ ಖರ್ಚು ಜಾಸ್ತಿ ಅಲ್ವಾ. ಮೊದಲು ಏನನ್ನು ನೋಡಲಿ? ಅನುಭವ ಇರುವವರು ದಯವಿಟ್ಟು ತಿಳಿಸಿ, ಉಳುಮೆ ಅರ್ಧಕ್ಕೆ ನಿಂತಿದೆ.