ಪದ ಬೇಕು: ‘ರೋಯಿಂಗ್ ಕ್ಲಬ್’ (ನಾಳೆ ಫಲಕ ಬರೆಸಬೇಕು)

ಬಳ್ಳಾರಿಯಿಂದ:
ನಮ್ಮ ಮಹಿಳಾ ಕಾಲೇಜಿನ ಗೋಡೆಗೆ ಹೆಣ್ಣುಮಕ್ಕಳ ಕ್ರೀಡಾ ಇತಿಹಾಸದ ಫಲಕಗಳನ್ನು ಬರೆಸುತ್ತಿದ್ದೇವೆ. ಒಂದು ಫಲಕ ಕೇಂಬ್ರಿಡ್ಜಿನ ನ್ಯೂನ್‌ಹ್ಯಾಮ್ ಕಾಲೇಜಿನದು. ಅಲ್ಲಿನ ವಿದ್ಯಾರ್ಥಿನಿಯರು 1893ರಲ್ಲೇ ಹುಟ್ಟಿನಿಂದ ದೋಣಿ ನಡೆಸುವ ಇಂಥ ಕ್ಲಬ್ ಕಟ್ಟಿಕೊಂಡರು. ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಡಲು ಮನಸ್ಸು ಮಾಡಿದ್ದು 1948ರ ಹೊತ್ತಿಗೆ. ನನ್ನ ಕರಡು: ‘ಹುಟ್ಟು ಹಾಕುವ ಸಂಘವನ್ನು ಹುಟ್ಟುಹಾಕಿದರು’. ಪೇಂಟರ್ ಓದಿ, “ಮೇಡಂ, ಒಂದು ಹುಟ್ಟು ಹೆಚ್ಚಾಯಿತಲ್ಲ?” ಎಂದ. ಬರೀ ‘ಹುಟ್ಟು ಸಂಘ’ ಎಂದರೆ ಹೆರಿಗೆ ವಾರ್ಡು ನೆನಪಾಗುತ್ತದೆ. ಹುಟ್ಟು ಹಾಕುವವಳಿಗೂ ಒಂದು ಪದ ಬೇಕು. ಹತ್ತು ಗಂಟೆಯೊಳಗೆ ತಿಳಿಸಿ.

ಗಂಗಾವತಿಯಿಂದ:
ಅಂಬಿಗಿತ್ತಿ. ‘ಅಂಬಿ’ ಎಂದರೆ ದೋಣಿ, ತಮಿಳಿನಲ್ಲೂ ಇದೆ. ನೀರು ಎಂಬರ್ಥದ ಸಂಸ್ಕೃತದ ‘ಅಂಬು’ವಿನಿಂದ ಬಂತು ಎನ್ನುವವರು ಈ ಬಾರಿಯಾದರೂ ಸುಮ್ಮನಿರಲಿ. ಹರಿಗೋಲಿನ ‘ಹರಿ’ಯೂ ವಿಷ್ಣುವಲ್ಲ, ಹಳಗನ್ನಡದ ‘ಪರಿ’.

ರಾಯಚೂರಿನಿಂದ:
ಹರಿಗೋಲನ್ನು ಯಾರೂ ಕೇಳಿರಲಿಲ್ಲ. ಅಂಬಿಗ ಎನ್ನುವುದು ಕಾಯಕದ ಹೆಸರು. ಚೌಡಯ್ಯನವರು ಅದನ್ನು ಹೆಸರಿನ ಮುಂದಿಟ್ಟುಕೊಂಡು ತಲೆಯೆತ್ತಿ ನಡೆದವರು. ಪಂದ್ಯಕ್ಕೆಂದು ದೋಣಿ ಹತ್ತಿದ ಹುಡುಗಿಯರಿಗೆ ಅದು ಒಪ್ಪುವುದಿಲ್ಲ. ಕೆಲಸವೂ ಬೇರೆ. ಆನೆಗೊಂದಿಯ ಹೊಳೆಯಲ್ಲಿ ನೋಡಿ: ಹರಿಗೋಲಿನವನು ಮುಂದಕ್ಕೆ ಮುಖ ಮಾಡಿ, ಒಂದೇ ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಇವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ, ಹುಟ್ಟು ದೋಣಿಗೇ ಸಿಕ್ಕಿಸಿರುತ್ತದೆ, ಎಂಟು ಜನರ ಪರವಾಗಿ ದಾರಿ ನೋಡುವವಳು ಚುಕ್ಕಾಣಿ ಹಿಡಿದ ಒಂಬತ್ತನೆಯವಳು. ಇಂಗ್ಲಿಷಿನವರು ಈ ಎರಡು ಹುಟ್ಟಿಗೆ ಎರಡು ಹೆಸರು ಇಟ್ಟಿದ್ದಾರೆ, ನಾವು ಇಟ್ಟಿಲ್ಲ. ‘ರೋಯಿಂಗ್’ ಎಂದೇ ಬರೆಯಿರಿ, ಕ್ರೀಡಾಪುಟದಲ್ಲಿ ಬರುತ್ತಲೇ ಇದೆ.

ಗಂಗಾವತಿಯಿಂದ:
ಕ್ರೀಡಾಪುಟ ನಿಘಂಟಲ್ಲ.

ರಾಯಚೂರಿನಿಂದ:
ಚುಕ್ಕಾಣಿಯ ಮೂಲ ಅರಬ್ಬಿಯ ‘ಸುಕ್ಕಾನ್’. ಅದನ್ನೂ ಹೊಳೆಗೆ ಎಸೆಯೋಣವೇ?

ಗಂಗಾವತಿಯಿಂದ:
ಚುಕ್ಕಾಣಿ ನಮ್ಮ ನಾಲಗೆಗೆ ಬಗ್ಗಿ ಒಳಗೆ ಬಂತು. ‘ರೋಯಿಂಗ್’ ಬಾಗಿಲಲ್ಲೇ ಸೆಟೆದು ನಿಂತಿದೆ. ಎರವಲಿಗೂ ಸೋಮಾರಿತನಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ನನಗೆ ವಾದವಿಲ್ಲ.

ಬಳ್ಳಾರಿಯಿಂದ:
ಇಬ್ಬರಿಗೂ ವಂದನೆ. ಮೂಲ ಹೆಸರು ‘ಬೋಟ್ ಕ್ಲಬ್’ ಅಷ್ಟೇ. ‘ರೋಯಿಂಗ್’ ಸೇರಿಸಿದ ತಪ್ಪು ನನ್ನದು. ‘ದೋಣಿ ಸಂಘ ಕಟ್ಟಿದರು’ ಎಂದು ಬರೆಸಿದೆ, ಹುಟ್ಟು ಹಾಕುವವರನ್ನು ‘ದೋಣಿಯ ಹುಡುಗಿಯರು’ ಎಂದೆ. ಬಣ್ಣ ಒಣಗುತ್ತಿದೆ. ಇನ್ನೊಂದು ಫಲಕ ಬಾಕಿ: 1927ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಹೆಂಗಸರ ಮೊದಲ ಪಂದ್ಯ ನಡೆದಾಗ ಎರಡೂ ದೋಣಿ ಒಟ್ಟಿಗೆ ನೀರಿಗಿಳಿಯುವಂತಿರಲಿಲ್ಲ, ವೇಗದ ಜೊತೆಗೆ ‘ಸ್ಟೈಲ್’ ಕೂಡ ಲೆಕ್ಕಕ್ಕಿತ್ತು. ಇದಕ್ಕೆ ಠೀವಿಯೋ, ಸೊಬಗೋ? ಸಂಜೆಯೊಳಗೆ.