ಮೂತಿಯೇ ಕಾಣದ 40 ಮಿ.ಮೀ. ತೋಟಾ: ಗುಂಡು ನಳಿಕೆ ಸೇರುವುದು ಹೇಗೆ?

ಪ್ರಶ್ನೆ (ಬಳ್ಳಾರಿ): ಬ್ರಿಟನ್ನಿನ ಅಜಾಕ್ಸ್ ಹಾಗೂ ಫ್ರಾನ್ಸಿನ ಜಾಗ್ವಾರ್ ಯುದ್ಧವಾಹನಗಳ 40 ಮಿ.ಮೀ. ಫಿರಂಗಿಯ ತೋಟಾ ಹೊರನೋಟಕ್ಕೆ ಬರಿಯ ಸಿಲಿಂಡರಿನಂತಿದ್ದು, ಗುಂಡು ಪೂರ್ತಿಯಾಗಿ ಒಳಗೇ ಹುದುಗಿರುತ್ತದೆ. ಇದರಿಂದ ಆಗುವ ಲಾಭವೇನು, ಗುಂಡು ನಳಿಕೆಗೆ ನೇರವಾಗಿ ಸೇರುವುದಾದರೂ ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ರಾಯಚೂರು): 1520ರಲ್ಲಿ ನಮ್ಮ ಕೋಟೆಯ ಸಲುವಾಗಿ ನಡೆದ ಯುದ್ಧದಲ್ಲೇ ಫಿರಂಗಿಗಳು ಮೊಳಗಿದ್ದವು, ಮದ್ದನ್ನು ಗುಂಡಿನ ಹಿಂದೆ ತುಂಬುವ ಆ ಕ್ರಮವೇ ಇಂದಿಗೂ ರೂಢಿಯಲ್ಲಿದೆ. ಇಲ್ಲಿ ಮಾತ್ರ ಮದ್ದು ಗುಂಡಿನ ಸುತ್ತಲೂ ಇರುವುದರಿಂದ ತೋಟಾದ ಉದ್ದ ಸುಮಾರು 255 ಮಿ.ಮೀ.ಗೆ ಇಳಿದಿದೆ, ವ್ಯಾಸ 65 ಮಿ.ಮೀ. ವಾಹನದ ಮೇಲೆ ಫಿರಂಗಿಯನ್ನು ಕೂರಿಸಿರುವ ಇಕ್ಕಟ್ಟಾದ ಗೋಪುರದಲ್ಲಿ ಈ ಉಳಿತಾಯ ಬಹಳ ದೊಡ್ಡದು. ಇಂಥ ತೋಟಾಗಳಲ್ಲಿ ಸಾಮಾನ್ಯವಾಗಿ ಮೊದಲು ಸಣ್ಣ ಪ್ರಮಾಣದ ಮದ್ದು ಗುಂಡನ್ನು ನಳಿಕೆಯತ್ತ ತಳ್ಳುತ್ತದೆ, ಅನಂತರ ಮುಖ್ಯ ಮದ್ದು ಹೊತ್ತಿಕೊಂಡು ಅದಕ್ಕೆ ಪೂರ್ಣ ವೇಗ ಕೊಡುತ್ತದೆ.

ಉತ್ತರ (ಕೊಪ್ಪಳ): ನನ್ನನ್ನು ಹೆಚ್ಚು ಸೆಳೆದದ್ದು ತುಂಬುವ ವಿಧಾನ. ತೋಟಾದ ಕೋಣೆಯೇ 90 ಡಿಗ್ರಿ ತಿರುಗಿ ಪಕ್ಕಕ್ಕೆ ಬಂದಾಗ, ಹೊಸ ತೋಟಾ ಒಳನುಗ್ಗುತ್ತಾ ಖಾಲಿ ಕವಚವನ್ನು ಮತ್ತೊಂದು ತುದಿಯಿಂದ ಹೊರದೂಡುತ್ತದೆ. ಆದರೆ ತಿರುಗುವ ಕೋಣೆ ನಳಿಕೆಯಿಂದ ಬೇರೆಯಾಗಿರುವ ಕಾರಣ ಅನಿಲ ಸೋರದಂತೆ ಎರಡೂ ತುದಿಗಳನ್ನು ಬಿಗಿಗೊಳಿಸಬೇಕು. ಇದರ ನಿಜವಾದ ಕಷ್ಟ ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.