ಪಿಟ್ಸ್‌ಬರ್ಗ್‌ನಲ್ಲಿ ನಮ್ಮ ತುಮಕೂರಿನಷ್ಟೇ ಜನಾನಾ?

ಕ್ಯಾತ್ಸಂದ್ರದವ: ಮಗಳು ಓದಲು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೊರಟಿದ್ದಾಳೆ. ಸುಮ್ನೆ 2020ರ ಜನಗಣತಿ ನೋಡಿದೆ, 3,02,971 ಜನ. ತುಮಕೂರು ನಗರದಲ್ಲಿ 2011ರಲ್ಲೇ 3,02,143 ಇತ್ತು. ಅಷ್ಟು ಹೆಸರಿರುವ ಊರು ಇಷ್ಟೇನಾ? ಮನೆಗೆ ಸರಾಸರಿ ಇಬ್ಬರಂತೆ ಬೇರೆ!

ಹಳೇ ವಲಸಿಗ: ಅದು ನಗರದ ಗಡಿಯೊಳಗಿನ ಲೆಕ್ಕ ಸರ್. ಸುತ್ತಲಿನ ಊರುಗಳೂ ಸೇರಿದರೆ 23 ಲಕ್ಷ ದಾಟುತ್ತದೆ. 1950ರಲ್ಲಿ ನಗರದಲ್ಲೇ 6.7 ಲಕ್ಷ ಜನ ಇದ್ದರು, ಆಮೇಲೆ ಒಂದಷ್ಟು ಮಂದಿ ಹೊರವಲಯಕ್ಕೆ ಹೋದರು, 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಕೆಲಸವಿಲ್ಲದೆ ಇನ್ನಷ್ಟು ಮಂದಿ ಊರೇ ಬಿಟ್ಟರು.

ಲೆಕ್ಕದ ಮೇಡಂ: ಇಬ್ಬರು ಅಂದ್ರೆ ಗಂಡ ಹೆಂಡತಿ ಅಂತಲ್ಲ. ಒಬ್ಬರೇ ಇರುವ ಮನೆಗಳು ಅಲ್ಲಿ ಜಾಸ್ತಿ. ಎಣಿಸುವ ರೀತಿಯೂ ಬೇರೆ. ನಮ್ಮ ಗಣತಿಯಲ್ಲಿ ಅಡುಗೆ ಒಂದಾದರೆ ಕುಟುಂಬ ಒಂದು. ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿ ಮೇಲೆ ಅಣ್ಣ, ಕೆಳಗೆ ತಮ್ಮ, ಒಲೆ ಬೇರೆ ಬೇರೆ ಅಂದ್ರೆ ಎರಡು. ಅಲ್ಲಿ ಒಂದೇ ಫ್ಲಾಟಿನಲ್ಲಿ ನಂಟಿಲ್ಲದ ನಾಲ್ವರು ಹುಡುಗಿಯರು ಅವರವರೇ ಬೇಯಿಸಿಕೊಂಡರೂ ಒಂದೇ ಮನೆ. ಹಾಸ್ಟೆಲ್‌ನವರು ಊರಿನ ಜನಸಂಖ್ಯೆಗೆ ಸೇರುತ್ತಾರೆ, ಮನೆಗಳ ಲೆಕ್ಕಕ್ಕೆ ಬರಲ್ಲ.

ಕ್ಯಾತ್ಸಂದ್ರದವ: ಓಹೋ. ನಮ್ಮವರು ಯಾರಾದರೂ ಸಿಗ್ತಾರಾ ಅಲ್ಲಿ?

ಹಳೇ ವಲಸಿಗ: ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಲು ಹೇಳಿ, ಸಿಕ್ಕೇ ಸಿಗುತ್ತಾರೆ.